ಯೂಫ್ರೆಟಿಸ್ ದಡದಲ್ಲಿ ಹುಟ್ಟಿದ ನಗರ ಕೃಷ್ಣೆಯ ದಡದಲ್ಲಿ ಏಕೆ ಹುಟ್ಟಲಿಲ್ಲ?

ಪ್ರಶ್ನೆ: ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನೀರು ಮತ್ತು ಫಲವತ್ತಾದ ಮೆಕ್ಕಲು ಮಣ್ಣು ಸಿಗುತ್ತಿದ್ದರಿಂದ ಪ್ರಾಚೀನ ನಾಗರಿಕತೆಗಳು ನದಿ ಬಯಲುಗಳಲ್ಲಿ ಹುಟ್ಟಿದವು ಎಂದು ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು, “ಸರ್, ನಮ್ಮ ಕಡೆಯೂ ಕೃಷ್ಣಾ, ತುಂಗಭದ್ರಾ ಇವೆಯಲ್ಲ, ಇಲ್ಲಿ ಯಾಕೆ ಆಗಲಿಲ್ಲ?” ಎಂದಳು. ಅವಳಿಗೆ ಏನು ಹೇಳಲಿ?
ಶಿಕ್ಷಕರು, ರಾಯಚೂರು ಜಿಲ್ಲೆ

ಉತ್ತರ: ನಿಮ್ಮ ವಿದ್ಯಾರ್ಥಿನಿ ಆ ಪಾಠದ ಸಡಿಲ ಗಂಟನ್ನೇ ಹಿಡಿದು ಎಳೆದಿದ್ದಾಳೆ. ನೀರು ಮತ್ತು ಮೆಕ್ಕಲು ಮಣ್ಣಷ್ಟೇ ಸಾಕಿದ್ದರೆ ನಗರಗಳು ನಾಲ್ಕೈದು ಸಾವಿರ ವರ್ಷ ಮೊದಲೇ ಹುಟ್ಟಬೇಕಿತ್ತು. ಪಶ್ಚಿಮ ಏಷ್ಯಾದಲ್ಲಿ ಗೋಧಿ, ಜವೆಗೋಧಿ, ಕುರಿ, ಮೇಕೆ ಮನುಷ್ಯನ ಕೈಗೆ ಒಗ್ಗಿದ್ದು ಸುಮಾರು ಕ್ರಿ.ಪೂ. 9000ದಿಂದ 8000ದ ಆಸುಪಾಸಿನಲ್ಲಿ. ಅದು ನಡೆದದ್ದು ದೊಡ್ಡ ನದಿಗಳ ದಡದಲ್ಲಲ್ಲ. ಆಗ್ನೇಯ ಟರ್ಕಿ, ಸಿರಿಯಾ, ಜಾಗ್ರೋಸ್ ಬೆಟ್ಟಗಳ ತಪ್ಪಲು ಇವೆಲ್ಲ ಮಳೆಯಾಶ್ರಿತ ಸೀಮೆಗಳು. ಜೆರಿಕೊ ಬೆಳೆದದ್ದು ಒಂದು ಒರತೆಯ ಪಕ್ಕ. ನಮ್ಮ ಉಪಖಂಡದಲ್ಲಿ ಕ್ರಿ.ಪೂ. 7000ದ ಹೊತ್ತಿಗೆ ಬೇಸಾಯ ಕಾಣಿಸಿಕೊಂಡ ಮೆಹರ್‌ಗಢ ಇರುವುದು ಬಲೂಚಿಸ್ತಾನದ ಬೋಲನ್ ಕಣಿವೆಯ ಬಾಯಲ್ಲಿ, ಸಿಂಧೂ ನದಿಯಿಂದ ಬಹಳ ದೂರ. ಮೊದಲ ದೊಡ್ಡ ನಗರ ಎನ್ನಬಹುದಾದ ಉರುಕ್ ತಲೆಯೆತ್ತಿದ್ದು ಕ್ರಿ.ಪೂ. ನಾಲ್ಕನೇ ಸಹಸ್ರಮಾನದಲ್ಲಿ, ಈಗಿನ ದಕ್ಷಿಣ ಇರಾಕಿನ ಯೂಫ್ರೆಟಿಸ್ ಬಯಲಿನಲ್ಲಿ. ಬೇಸಾಯ ಬಲ್ಲ ಜನ ಇಷ್ಟು ಕಾಲ ಆ ‘ಫಲವತ್ತಾದ’ ಬಯಲಿನಲ್ಲಿ ಊರು ಕಟ್ಟಿದರೂ ನಗರ ಕಟ್ಟಲಿಲ್ಲ ಏಕೆ ಎಂಬುದೇ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕರೆ ಕೃಷ್ಣೆಯದು ತಾನಾಗಿ ಬಿಡಿಸಿಕೊಳ್ಳುತ್ತದೆ. ಆದ್ದರಿಂದ ಉರುಕ್ ಸೀಮೆಯನ್ನೇ ಹಿಡಿದು ವಿವರವಾಗಿ ನೋಡೋಣ.

ಮೊದಲು ಮಳೆ. ಒಣ ಬೇಸಾಯದಲ್ಲಿ ಜವೆಗೋಧಿ ಕೈಗೆ ಬರಬೇಕಾದರೆ ವರ್ಷಕ್ಕೆ ಕನಿಷ್ಠ 200ರಿಂದ 250 ಮಿಲಿಮೀಟರ್ ಮಳೆ ಬೇಕು. ದಕ್ಷಿಣ ಇರಾಕಿನಲ್ಲಿ ಬೀಳುವುದು 100ರಿಂದ 150. ಅಂದರೆ ನದಿಯ ನೀರು ಹೊಲಕ್ಕೆ ಬಾರದೆ ಒಂದು ತೆನೆಯೂ ಇಲ್ಲ. ಕಲ್ಲಿಲ್ಲ, ಲೋಹದ ಅದಿರಿಲ್ಲ, ತೊಲೆಗೆ ಆಗುವ ಮರವಿಲ್ಲ. ಇರುವುದು ಜೇಡಿಮಣ್ಣು, ಜೊಂಡು, ಮೀನು, ಖರ್ಜೂರ. ತೀರಾ ಹಳೆಯ ಊರುಗಳು ಜೌಗು ನೆಲದ ಅಂಚಿನಲ್ಲಿ ಈ ಮೀನು ಮತ್ತು ಜೊಂಡನ್ನು ನೆಚ್ಚಿಕೊಂಡೇ ನೆಲೆ ನಿಂತವು. ಎರಿದು ಎಂಬಲ್ಲಿ ಹಳೆಯ ದೇಗುಲದೊಳಗೆ ಮೀನಿನ ಮುಳ್ಳುಗಳ ರಾಶಿಯೇ ಸಿಕ್ಕಿದೆ.

ಇನ್ನು ನದಿ. ಇಲ್ಲಿ ಪಾಠಪುಸ್ತಕ ಹೇಳದೆ ಬಿಡುವ ಸಂಗತಿಯೊಂದಿದೆ: ಟೈಗ್ರಿಸ್, ಯೂಫ್ರೆಟಿಸ್ ನೆರೆ ಬರುವುದು ತಪ್ಪು ತಿಂಗಳಲ್ಲಿ. ಅನಟೋಲಿಯಾದ (ಈಗಿನ ಟರ್ಕಿ) ಬೆಟ್ಟಗಳ ಹಿಮ ಕರಗಿ ಏಪ್ರಿಲ್–ಮೇ ತಿಂಗಳಲ್ಲಿ ನೀರು ಉಕ್ಕುತ್ತದೆ. ಜವೆಗೋಧಿ ಬಿತ್ತುವುದು ಅಕ್ಟೋಬರ್–ನವೆಂಬರಿನಲ್ಲಿ, ಕೊಯ್ಲು ಏಪ್ರಿಲ್–ಮೇನಲ್ಲಿ. ಬಿತ್ತನೆಗೆ ನೀರು ಬೇಕಾದಾಗ ನದಿ ತಳ ಸೇರಿರುತ್ತದೆ. ತೆನೆ ಕೊಯ್ಲಿಗೆ ನಿಂತಾಗ ನೆರೆ ಹೊಲಕ್ಕೆ ನುಗ್ಗಲು ಕಾಯುತ್ತಿರುತ್ತದೆ. ನೈಲ್ ಇದಕ್ಕೆ ತದ್ವಿರುದ್ಧ. ಇಥಿಯೋಪಿಯಾದ ಮಳೆಯಿಂದ ಜುಲೈಯಿಂದ ಅಕ್ಟೋಬರ್‌ವರೆಗೆ ನೆರೆ ಬಂದು, ಇಳಿದು, ಹದವಾದ ಮಣ್ಣನ್ನು ನವೆಂಬರ್ ಬಿತ್ತನೆಗೆ ಸರಿಯಾಗಿ ಬಿಟ್ಟು ಹೋಗುತ್ತದೆ. ಸಿಂಧೂ ಕೂಡ ಹೆಚ್ಚುಕಡಿಮೆ ಹಾಗೆಯೇ: ಜುಲೈ–ಆಗಸ್ಟಿನಲ್ಲಿ ಉಕ್ಕಿ, ಹಿಂಗಾರಿನ ಗೋಧಿಗೆ ದಾರಿ ಮಾಡಿಕೊಡುತ್ತದೆ. ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಹನ್ನೆರಡು ತಿಂಗಳು ಬರೆದು, ಪ್ರತಿ ನದಿಗೂ ನೆರೆ, ಬಿತ್ತನೆ, ಕೊಯ್ಲು ಗುರುತು ಹಾಕಿಸಿ. ‘ನದಿ ವರದಾನ’ ಎಂಬ ಮಾತು ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದು ಮಕ್ಕಳಿಗೆ ಹತ್ತು ನಿಮಿಷದಲ್ಲಿ ಕಂಡುಬಿಡುತ್ತದೆ.

ಆದರೂ ಯೂಫ್ರೆಟಿಸ್‌ಗೆ ಒಂದು ದೊಡ್ಡ ಅನುಕೂಲವಿತ್ತು, ಅದೇ ದೊಡ್ಡ ಅಪಾಯವೂ ಹೌದು. ಆ ಬಯಲು ಅಂಗೈಯಷ್ಟು ಸಮ. ಬಾಗ್ದಾದ್ ಸಮುದ್ರದಿಂದ ಐನೂರು ಕಿಲೋಮೀಟರಿಗೂ ದೂರ ಒಳಗಿದ್ದರೂ ಅದರ ಎತ್ತರ ಸಮುದ್ರಮಟ್ಟದಿಂದ ಮೂವತ್ತೈದು ಮೀಟರಿನಷ್ಟು ಮಾತ್ರ. ಇಷ್ಟು ನಿಧಾನವಾಗಿ ಹರಿಯುವ ನದಿ ತನ್ನ ಹೂಳನ್ನು ಪಾತ್ರದಲ್ಲೇ ಮತ್ತು ಎರಡೂ ಅಂಚಿನಲ್ಲೇ ಬಿಡುತ್ತ ಹೋಗುತ್ತದೆ. ನೂರಾರು ವರ್ಷ ಹೀಗಾದರೆ ನದಿ ತಾನೇ ಕಟ್ಟಿಕೊಂಡ ದಿಣ್ಣೆಯ ನೆತ್ತಿಯ ಮೇಲೆ ಹರಿಯತೊಡಗುತ್ತದೆ, ಸುತ್ತಲಿನ ಬಯಲು ಅದಕ್ಕಿಂತ ತಗ್ಗಿನಲ್ಲಿ ಉಳಿಯುತ್ತದೆ. ಹೊಲಕ್ಕಿಂತ ಮೇಲೆ ನೀರು. ಏತ ಬೇಡ, ಕಲ್ಲಿನ ಅಣೆಕಟ್ಟೆ ಬೇಡ. ದಿಣ್ಣೆಯನ್ನು ಕಡಿದು ಬಾಯಿ ತೆಗೆದರೆ ನೀರು ತಾನಾಗಿ ಇಳಿಯುತ್ತದೆ.

ಕಡಿಯುವ ಬಗೆ ಹೀಗೆ. ದಿಣ್ಣೆಗೆ ಅಡ್ಡಲಾಗಿ ಕಾಲುವೆ ತೋಡಿ, ಅದರ ಬಾಯಿಯನ್ನು ಜೊಂಡಿನ ಕಟ್ಟು ಮತ್ತು ಜೇಡಿಮಣ್ಣಿನಿಂದ ಮುಚ್ಚುವುದು. ನಮ್ಮ ತೂಬಿನ ಕೆಲಸವನ್ನು ಈ ಕಟ್ಟೇ ಮಾಡುತ್ತದೆ. ಕಾಲುವೆಯಿಂದ ಎರಡೂ ಬದಿಗೆ ಚಿಕ್ಕ ಕಾಲುವೆ, ಅವುಗಳಿಂದ ಮಡಿಗೆ. ಹೊಲಗಳು ಉದ್ದನೆಯ ಪಟ್ಟಿಗಳು: ಕಿರಿದಾದ ತುದಿ ಕಾಲುವೆಯ ಕಡೆ, ಉದ್ದ ಇಳಿಜಾರಿನ ಕಡೆ. ಹೀಗಿದ್ದರೆ ಕಾಲುವೆಯ ಮೇಲೆ ಹೆಚ್ಚು ಹೊಲಗಳಿಗೆ ಬಾಯಿ ಸಿಗುತ್ತದೆ, ಎತ್ತುಗಳನ್ನು ಪದೇ ಪದೇ ತಿರುಗಿಸುವ ಗೋಜೂ ತಪ್ಪುತ್ತದೆ. ಬಿತ್ತನೆಗೆ ಕ್ರಿ.ಪೂ. ಮೂರನೇ ಸಹಸ್ರಮಾನದಲ್ಲಿ ಅವರ ಕೈಯಲ್ಲಿದ್ದ ಉಪಕರಣವನ್ನು ನಿಮ್ಮ ಮಕ್ಕಳಿಗೆ ವಿವರಿಸುವುದೇ ಬೇಡ, ಅದು ಕೂರಿಗೆ. ನೇಗಿಲಿಗೆ ಕೊಳವೆ ಕಟ್ಟಿ, ಮೇಲಿನ ಬಟ್ಟಲಿಗೆ ಕಾಳು ಬಿಟ್ಟರೆ ಸಾಲಿನೊಳಕ್ಕೆ ಬೀಳುತ್ತದೆ. ರೈತನೊಬ್ಬ ಮಗನಿಗೆ ಬೇಸಾಯದ ಬುದ್ಧಿ ಹೇಳುವ ರೂಪದ ಬರಹವೊಂದು ಸುಮೇರಿನಲ್ಲಿ, ಎಂದರೆ ಇದೇ ದಕ್ಷಿಣ ಇರಾಕಿನ ಪ್ರಾಚೀನ ನಾಡಿನಲ್ಲಿ, ಸಿಕ್ಕಿದೆ. ಅದರ ಲೆಕ್ಕದಲ್ಲಿ ಒಂದು ನಿಂದನ್ ಅಗಲಕ್ಕೆ, ಎಂದರೆ ಸುಮಾರು ಆರು ಮೀಟರಿಗೆ, ಎಂಟು ಸಾಲು. ಕಾಳು ಬೀಳಬೇಕಾದ ಆಳ ಎರಡು ಬೆರಳು. ಸಾಲು ಒತ್ತಾದರೆ ಪೈರು ಒರಗುತ್ತದೆ, ಎಲೆ ತುಂಬಿ ಬಂದ ಹಂತದಲ್ಲಿ ನೀರು ಕೊಟ್ಟರೆ ತುಕ್ಕುರೋಗ ಹತ್ತುತ್ತದೆ ಎಂಬ ಎಚ್ಚರಿಕೆಯೂ ಅದರಲ್ಲಿದೆ. ಯಾವ ಹಂತಕ್ಕೆ ಯಾವ ನೀರು ಎಂದು ಒಂದೊಂದಾಗಿ ಹೇಳುವ ಈ ಬರಹ ಓದಿದಾಗ ಕಾಣುವುದು ಇಷ್ಟು: ನೀರು ಹಾಯಿಸುವುದಕ್ಕಿಂತ ನೀರು ನಿಲ್ಲಿಸುವ ಲೆಕ್ಕವೇ ಅಲ್ಲಿ ಕಷ್ಟದ್ದು.

ಕೆಡುವುದು ಎಲ್ಲಿ? ಮೊದಲನೆಯದು ಹೂಳು. ನೀರು ಕಾಲುವೆಯಲ್ಲಿ ಮೆಲ್ಲಗಾದ ಕೂಡಲೇ ಹೂಳು ತಳ ಹಿಡಿಯುತ್ತದೆ. ಎತ್ತದಿದ್ದರೆ ಕೆಲವೇ ವರ್ಷಗಳಲ್ಲಿ ಕಾಲುವೆಯ ತಳ ನದಿಯ ಮಟ್ಟಕ್ಕೇ ಏರಿ, ನದಿ ಇಳಿದಿರುವ ಬಿತ್ತನೆಯ ಕಾಲಕ್ಕೆ ಒಂದು ಹನಿಯೂ ಒಳಗೆ ಬರುವುದಿಲ್ಲ. ಆದ್ದರಿಂದ ವರ್ಷವರ್ಷವೂ ಬಿತ್ತನೆಗೆ ಮೊದಲು ಊರೆಲ್ಲ ಇಳಿದು ಹೂಳೆತ್ತಬೇಕು. ಒಬ್ಬ ಬಾರದಿದ್ದರೆ ಅವನ ಪಾಲಿನ ಉದ್ದದಲ್ಲಿ ನೀರು ನಿಲ್ಲುತ್ತದೆ, ಕೆಳಗಿನವರೆಲ್ಲ ಒಣಗುತ್ತಾರೆ. ಎರಡನೆಯದು ದಿಣ್ಣೆ ಒಡೆಯುವುದು. ನೆರೆಯ ದಿನ ಒಂದು ಕಡೆ ಬಿರುಕು ಬಿಟ್ಟರೆ ಎತ್ತರದಲ್ಲಿರುವ ನದಿ ಪೂರ್ತಿಯಾಗಿ ತಗ್ಗಿಗೆ ನುಗ್ಗಿ, ಕೆಲವೊಮ್ಮೆ ಹಳೆಯ ಪಾತ್ರಕ್ಕೆ ಮರಳುವುದೇ ಇಲ್ಲ. ಉರುಕ್, ನಿಪ್ಪುರ್, ಉರ್ ಇವೆಲ್ಲ ಇಂದು ಮರಳುಗಾಡಿನ ನಡುವೆ ದಿಬ್ಬಗಳಾಗಿ ನಿಂತಿರುವುದು ನದಿ ಅವುಗಳನ್ನು ಬಿಟ್ಟು ಹೋದ ಕಾರಣ. ಮೂರನೆಯದು ಮೇಲಿನ ಊರಿನವರು. ಲಗಾಶ್ ಮತ್ತು ಉಮ್ಮಾ ಎಂಬ ಎರಡು ನಗರಗಳು ಗಡಿಯ ಹೊಲ ಮತ್ತು ಕಾಲುವೆ ನೀರಿಗಾಗಿ ತಲೆಮಾರುಗಳ ಕಾಲ ಹೊಡೆದಾಡಿದ ದಾಖಲೆ ಕ್ರಿ.ಪೂ. 2450ರ ಆಸುಪಾಸಿನ ಶಾಸನಗಳಲ್ಲಿದೆ. (ಈ ಕಥೆ ಹೇಳುವಾಗ ಮಕ್ಕಳು ಕಾವೇರಿಯ ಮಾತೆತ್ತಿದರೆ ತಡೆಯಬೇಡಿ.)

ನಾಲ್ಕನೆಯದನ್ನು ನಿಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ: ಸವಳು. ಕಾಲುವೆ ನೀರಿನಲ್ಲಿ ಸ್ವಲ್ಪ ಉಪ್ಪು ಇದ್ದೇ ಇರುತ್ತದೆ. ಬಸಿಗಾಲುವೆ ಇಲ್ಲದ ಸಮ ನೆಲದಲ್ಲಿ ನೀರು ಹಾಯಿಸುತ್ತ ಹೋದಂತೆ ಅಂತರ್ಜಲ ಮೇಲೇರುತ್ತದೆ. ಅದು ನೆಲಮಟ್ಟದಿಂದ ಒಂದೂವರೆ, ಎರಡು ಮೀಟರಿನೊಳಕ್ಕೆ ಬಂದರೆ, ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಮಣ್ಣಿನ ಸಣ್ಣ ರಂಧ್ರಗಳ ಮೂಲಕ ನೀರು ಮೇಲಕ್ಕೆ ಬರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಸಿಂಧನೂರು, ಗಂಗಾವತಿ ಕಡೆ ತುಂಗಭದ್ರಾ ಕಾಲುವೆ ಬಂದ ಮೇಲೆ ಬಿಳಿಚಿಕೊಂಡ ಹೊಲಗಳಲ್ಲಿ ಆದದ್ದು ಇದೇ. ಸುಮೇರಿನವರ ಮದ್ದು ಎರಡು. ಒಂದು, ವರ್ಷ ಬಿಟ್ಟು ವರ್ಷ ಹೊಲ ಬೀಳು ಬಿಡುವುದು. ಬೀಳಿನಲ್ಲಿ ಬೆಳೆಯುವ ಆಳ ಬೇರಿನ ಮುಳ್ಳುಗಿಡಗಳು ಕೆಳಗಿನ ತೇವ ಹೀರಿ ಅಂತರ್ಜಲವನ್ನು ಇಳಿಸುತ್ತವೆ. ಎರಡು, ಗೋಧಿ ಬಿಟ್ಟು ಉಪ್ಪು ತಾಳುವ ಜವೆಗೋಧಿಗೆ ಹೋಗುವುದು. ಕ್ರಿ.ಪೂ. ಎರಡನೇ ಸಹಸ್ರಮಾನದ ಹೊತ್ತಿಗೆ ದಕ್ಷಿಣದ ದಾಖಲೆಗಳಲ್ಲಿ ಗೋಧಿ ಹೆಚ್ಚುಕಡಿಮೆ ಮಾಯ. 1958ರಲ್ಲಿ ಸುಮೇರಿಯನ್ ವಿದ್ವಾಂಸ ಥೋರ್ಕಿಲ್ಡ್ ಯಾಕೊಬ್ಸೆನ್ ಮತ್ತು ಪುರಾತತ್ವಜ್ಞ ರಾಬರ್ಟ್ ಆಡಮ್ಸ್ ಸುಮೇರಿನ ಪತನಕ್ಕೇ ಈ ಉಪ್ಪನ್ನು ಹೊಣೆ ಮಾಡಿದರು. ಅವರ ಇಳುವರಿ ಲೆಕ್ಕವನ್ನು ಆಮೇಲಿನ ವಿದ್ವಾಂಸರು ಒಪ್ಪಿಲ್ಲ, ನನಗೂ ಅದು ಒಂದೇ ಕಾರಣದ ಮೇಲೆ ತೀರ ಹೆಚ್ಚು ಭಾರ ಹೊರಿಸಿದಂತೆ ಕಾಣುತ್ತದೆ. ಉಪ್ಪು ಏರುವ ಬಗೆಯಲ್ಲಿ ಮಾತ್ರ ತಕರಾರಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಜಾರುಹಾದಿ ಎದುರಾಗುತ್ತದೆ: ‘ಇಂಥ ಕಾಲುವೆ ಕೆಲಸ ನಡೆಸಲು ಬಲವಾದ ರಾಜ ಬೇಕಾಯಿತು, ಹಾಗಾಗಿ ರಾಜ್ಯ ಹುಟ್ಟಿತು.’ 1957ರಲ್ಲಿ ಇತಿಹಾಸಕಾರ ಕಾರ್ಲ್ ವಿಟ್‌ಫೋಗೆಲ್ ಈ ವಾದವನ್ನು ದೊಡ್ಡದಾಗಿ ಮಂಡಿಸಿದ್ದರು, ನಮ್ಮ ಎಷ್ಟೋ ಮಾರ್ಗದರ್ಶಿ ಪುಸ್ತಕಗಳಲ್ಲಿ ಇಂದಿಗೂ ಅದೇ ಓಡುತ್ತಿದೆ. ಆಡಮ್ಸ್ ದಕ್ಷಿಣ ಇರಾಕಿನ ಬಯಲನ್ನು ವರ್ಷಗಟ್ಟಲೆ ಅಳೆದು, ಹಳೆಯ ಪಾತ್ರ ಮತ್ತು ಊರುಗಳ ನಕ್ಷೆ ಮಾಡಿದಾಗ ಕಂಡದ್ದು ಬೇರೆ. ಉರುಕ್ ಬೆಳೆದ ಕಾಲದಲ್ಲಿ ಊರುಗಳು ನದಿಯ ಸಹಜ ಕವಲುಗಳ ಅಂಚಿನಲ್ಲೇ ಇದ್ದವು, ಕಾಲುವೆಗಳು ಚಿಕ್ಕವು, ಒಂದೆರಡು ಊರು ಸೇರಿ ನಿಭಾಯಿಸುವಂಥವು. ದೊಡ್ಡ ರಾಜಕಾಲುವೆಗಳು ಬಂದದ್ದು ನಗರ, ರಾಜ್ಯ ಎರಡೂ ಆದ ಮೇಲೆ. ಕೆರೆಯ ನೀರನ್ನು ನೀರುಗಂಟಿಯ ಮಾತಿನ ಮೇಲೆ ಹಂಚಿಕೊಂಡ ನಾಡಿನವರಿಗೆ ಇದು ಆಶ್ಚರ್ಯವಾಗಬಾರದು. ನೀರು ಹಂಚಲು ಚಕ್ರವರ್ತಿ ಬೇಕಿಲ್ಲ.

ಹಾಗಾದರೆ ಏನು ಬದಲಾಯಿತು? ನನ್ನ ಉತ್ತರ ಕಣಜದ ಕಡೆಗೆ ಬೆರಳು ಮಾಡುತ್ತದೆ. ಎರಿದುವಿನಲ್ಲಿ 1940ರ ದಶಕದಲ್ಲಿ ಫುವಾದ್ ಸಫರ್ ಮತ್ತು ಸೆಟನ್ ಲಾಯ್ಡ್ ಅಗೆದಾಗ ಒಂದರ ಮೇಲೊಂದು ಕಟ್ಟಿದ ದೇಗುಲಗಳ ಸಾಲೇ ಸಿಕ್ಕಿತು. ತಳದ್ದು ಒಂದು ಸಣ್ಣ ಕೋಣೆಯಷ್ಟು, ಮೇಲಿನದು ಎತ್ತರದ ಜಗುಲಿಯ ಮೇಲೆ ನಿಂತ ದೊಡ್ಡ ಕಟ್ಟಡ. ಒಂದೂವರೆ, ಎರಡು ಸಾವಿರ ವರ್ಷ ಜನ ಅದೇ ಜಾಗಕ್ಕೆ ತಂದು ಒಪ್ಪಿಸುತ್ತಲೇ ಹೋದರು. ನೆರೆ, ಬರ, ಹೂಳು ಯಾವಾಗ ಕೈಕೊಡುತ್ತದೋ ತಿಳಿಯದ ನೆಲದಲ್ಲಿ ಎಲ್ಲರೂ ಒಂದಿಷ್ಟು ಕಾಳನ್ನು ಒಂದು ಕಡೆ ಇಡುವುದು ವಿಮೆ ಇದ್ದಂತೆ. ಆ ಕಣಜವನ್ನು ಕಾಯುವವರು, ಅಳೆಯುವವರು, ಕೊಡುವವರು ನಿಧಾನವಾಗಿ ಊರಿನ ಮೇಲೆ ಕೂತರು. ಜವೆಗೋಧಿಯ ಗುಣವೂ ಅವರಿಗೆ ಒದಗಿ ಬಂತು. ಅದು ಎಲ್ಲರ ಹೊಲದಲ್ಲೂ ಒಂದೇ ಕಾಲಕ್ಕೆ ಮಾಗುತ್ತದೆ, ನೆಲದ ಮೇಲೆ ಕಣ್ಣಿಗೆ ಕಾಣುವಂತೆ ನಿಲ್ಲುತ್ತದೆ, ಒಣಗಿಸಿದರೆ ವರ್ಷಗಟ್ಟಲೆ ಕೆಡದು, ಅಳೆದು ಭಾಗ ಮಾಡಲು ಸುಲಭ. ನೆಲದೊಳಗೆ ಬೆಳೆಯುವ ಗೆಡ್ಡೆಯನ್ನು ಅಡಗಿಸಿಡಬಹುದು, ಕಣದಲ್ಲಿ ರಾಶಿ ಹಾಕಿದ ಕಾಳನ್ನು ಅಡಗಿಸುವುದು ಕಷ್ಟ.

ಉರುಕ್‌ನಲ್ಲಿ ಇದರ ಗುರುತು ಎಲ್ಲೆಲ್ಲೂ ಇದೆ. ಕ್ರಿ.ಪೂ. ನಾಲ್ಕನೇ ಸಹಸ್ರಮಾನದ ಕೊನೆಗೆ ಆ ನಗರ ಸುಮಾರು 250 ಹೆಕ್ಟೇರು ಹರಡಿತ್ತು, ಕೆಲವು ಶತಮಾನಗಳಲ್ಲಿ ಅದರ ಎರಡರಷ್ಟನ್ನೂ ಮೀರಿತು. ಅಲ್ಲಿ ರಾಶಿರಾಶಿಯಾಗಿ ಸಿಗುವ ಮಡಕೆ ಎಂದರೆ ಅಚ್ಚಿನಲ್ಲಿ ಒತ್ತಿ ಮಾಡಿದ, ಅಂಚು ಓರೆಯಾದ ಒರಟು ಬಟ್ಟಲು. ಕೂಲಿಯ ಕಾಳು ಅಳೆದು ಕೊಡಲು ಎಂದು ಕೆಲವರು, ರೊಟ್ಟಿ ಬೇಯಿಸುವ ಅಚ್ಚು ಎಂದು ಇನ್ನು ಕೆಲವರು. ಎರಡರಲ್ಲಿ ಯಾವುದಾದರೂ ಸರಿ, ಸ್ವಂತ ಒಲೆಯಲ್ಲಿ ಬೇಯಿಸಿ ತಿನ್ನದ ನೂರಾರು ಜನ ಅಲ್ಲಿದ್ದರು ಎಂಬುದು ಖಚಿತ. ಕ್ರಿ.ಪೂ. 3300ರ ನಂತರ ಬರುವ ಮಣ್ಣಿನ ಹಲಗೆಗಳು ಲೋಕದ ಮೊದಲ ಬರವಣಿಗೆಗಳಲ್ಲಿ ಸೇರಿದವು. ಐದಾರು ಸಾವಿರ ಸಿಕ್ಕಿವೆ. ಹತ್ತರಲ್ಲಿ ಎಂಟೊಂಬತ್ತು ಶುದ್ಧ ಲೆಕ್ಕಪತ್ರ, ಉಳಿದವು ಗುಮಾಸ್ತೆಗಳು ಬಾಯಿಪಾಠ ಮಾಡುತ್ತಿದ್ದ ಪದಪಟ್ಟಿ. ಒಂದು ಕಥೆಯಿಲ್ಲ, ಸ್ತೋತ್ರವಿಲ್ಲ, ರಾಜನ ಹೊಗಳಿಕೆಯಿಲ್ಲ. ಒಂದು ಹಲಗೆಯ ಮೇಲೆ 29,086 ಅಳತೆ ಜವೆಗೋಧಿ, 37 ತಿಂಗಳು, ‘ಕುಶಿಮ್’ ಎಂದಿದೆ. ಕುಶಿಮ್ ಎಂಬುದು ಹೆಸರೋ ಹುದ್ದೆಯೋ, ಲೋಕದ ಬರಹದಲ್ಲಿ ಮೊದಮೊದಲು ಗುರುತು ಬಿಟ್ಟುಹೋದದ್ದು ಒಬ್ಬ ಉಗ್ರಾಣದವನು. ಸಾವಿರ ವರ್ಷ ಕಳೆದು ಕ್ರಿ.ಪೂ. 2100ರ ಹೊತ್ತಿಗೆ ಈ ಲೆಕ್ಕ ಎಷ್ಟು ಗಟ್ಟಿಯಾಗಿತ್ತೆಂದರೆ ದುಡಿಯುವ ಗಂಡಿಗೆ ತಿಂಗಳಿಗೆ 60 ಸಿಲ, ಹೆಣ್ಣಿಗೆ 30 ಸಿಲ ಕಾಳು ಎಂಬುದು ಸಾಮಾನ್ಯ ದರ. ಒಂದು ಸಿಲ ಎಂದರೆ ಸುಮಾರು ಒಂದು ಲೀಟರ್, ನಮ್ಮ ಸೇರಿಗೆ ಹತ್ತಿರ.

ಇನ್ನೊಂದು ಕಾರಣವನ್ನು ಸೇರಿಸದಿದ್ದರೆ ಚಿತ್ರ ಅರ್ಧ. ಈ ಅಳತೆ, ಬಿಟ್ಟಿ, ಕಂದಾಯ ಸಾಕಾದರೆ ಜನ ಎದ್ದು ಹೋಗಬಹುದಿತ್ತಲ್ಲ? ಹೋಗುವುದು ಎಲ್ಲಿಗೆ? ನೀರಿನ ಪಟ್ಟಿಯಿಂದ ಹೊರಗೆ ಕಾಲಿಟ್ಟರೆ ಬೆಳೆ ಬಾರದ ನೆಲ. 1970ರಲ್ಲಿ ಮಾನವಶಾಸ್ತ್ರಜ್ಞ ರಾಬರ್ಟ್ ಕಾರ್ನೀರೊ ಹೇಳಿದ್ದು ಇದನ್ನೇ: ಸುತ್ತ ಬೇಲಿ ಹಾಕಿದಂತಿರುವ ಕಣಿವೆಗಳಲ್ಲಿ ಸೋತವನಿಗೆ ಓಡಲು ಜಾಗವಿಲ್ಲ, ಆದ್ದರಿಂದ ತಲೆಬಾಗುತ್ತಾನೆ. ಅವರು ಎಲ್ಲದರ ಹಿಂದೆಯೂ ಯುದ್ಧವನ್ನೇ ಕಂಡದ್ದು ಅತಿಯಾಯಿತು, ಆದರೆ ಬೇಲಿಯ ಮಾತು ಸರಿ. ಈಜಿಪ್ಟಿನಲ್ಲಂತೂ ಅದು ನಿಚ್ಚಳ. ಹಸಿರು ಮುಗಿದಲ್ಲಿ ಮರಳು ಶುರು, ನಡುವೆ ಒಂದು ಹೆಜ್ಜೆ.

ನೈಲ್ ಬಗ್ಗೆ ಚುಟುಕಾಗಿ. ಅಲ್ಲಿ ನೆರೆಯ ನೀರನ್ನು ಒಡ್ಡು ಹಾಕಿದ ದೊಡ್ಡ ಮಡಿಗಳಲ್ಲಿ 40ರಿಂದ 60 ದಿನ ನಿಲ್ಲಿಸಿ, ಆಮೇಲೆ ಬಸಿದು ಬಿಡುತ್ತಿದ್ದರು. ಬಸಿಯುವ ನೀರು ಉಪ್ಪನ್ನೂ ಕೊಚ್ಚಿಕೊಂಡು ಹೋಗುತ್ತಿತ್ತು, ಹಾಗಾಗಿ ಸವಳಿನ ಕಾಟ ಹತ್ತಲಿಲ್ಲ. ಕೆಡುತ್ತಿದ್ದುದು ನೆರೆಯ ಎತ್ತರ: ಕಡಿಮೆಯಾದರೆ ಮೇಲಿನ ಮಡಿ ಒಣಗುತ್ತದೆ, ಹೆಚ್ಚಾದರೆ ಒಡ್ಡು, ಊರು ಎರಡೂ ಹೋಗುತ್ತವೆ. ಅದಕ್ಕೇ ಪ್ರತಿ ವರ್ಷದ ನೆರೆಯ ಎತ್ತರವನ್ನು ಮೊಳದ ಲೆಕ್ಕದಲ್ಲಿ ರಾಜರ ಹೆಸರಿನ ಜೊತೆಗೇ ಕಲ್ಲಿನ ಮೇಲೆ ಕೆತ್ತಿದರು. ನದಿಯ ಹರಿವು ಉತ್ತರಕ್ಕೆ, ಗಾಳಿ ದಕ್ಷಿಣಕ್ಕೆ ಇರುವುದರಿಂದ ದೋಣಿ ಎರಡೂ ಕಡೆ ಸಲೀಸಾಗಿ ಓಡುತ್ತದೆ; ಕ್ರಿ.ಪೂ. 3100ರಷ್ಟು ಹಿಂದೆಯೇ ಇಡೀ ಕಣಿವೆ ಒಂದೇ ಆಳ್ವಿಕೆಗೆ ಬಂದುದರಲ್ಲಿ ಈ ದೋಣಿಯ ಪಾಲು ದೊಡ್ಡದು.

ಸಿಂಧೂ ಕಣಿವೆ ಎಲ್ಲ ಸೂತ್ರಗಳನ್ನೂ ಸ್ವಲ್ಪ ಗಲಿಬಿಲಿ ಮಾಡುತ್ತದೆ. ಕ್ರಿ.ಪೂ. 2600ರಿಂದ 1900ರವರೆಗಿನ ಆ ನಗರಗಳಲ್ಲಿ ಎದ್ದು ಕಾಣುವ ಅರಮನೆಯಿಲ್ಲ, ರಾಜಸಮಾಧಿಯಿಲ್ಲ. ಆದರೆ ದೂರದೂರದ ಊರುಗಳಲ್ಲೂ ಒಂದೇ ಕ್ರಮದ ತೂಕದ ಕಲ್ಲುಗಳು, ಬಹುತೇಕ ಒಂದೇ ಪ್ರಮಾಣದ ಇಟ್ಟಿಗೆ. ಮೊಹೆಂಜೊದಾರೊ ನೆರೆಗೆ ಹೆದರಿ ಇಟ್ಟಿಗೆಯ ಎತ್ತರದ ಜಗುಲಿಗಳ ಮೇಲೆ ನಿಂತಿತು. ನದಿ ಪಕ್ಕದಲ್ಲೇ ಇದ್ದರೂ ಕುಡಿಯಲು ಊರೊಳಗೆ ಬಾವಿ ತೋಡಿಕೊಂಡಿತು, ಅವುಗಳ ಸಂಖ್ಯೆ ಏಳುನೂರರಷ್ಟು ಎಂಬ ಅಂದಾಜಿದೆ. ರಾಜಸ್ಥಾನದ ಹರಪ್ಪ ಕಾಲದ ಊರು ಕಾಲಿಬಂಗನ್ ಇರುವ ಘಗ್ಗರ್ ನದಿಪಾತ್ರದ ಕಥೆ ಇನ್ನೂ ಸ್ವಾರಸ್ಯದ್ದು. ಸಟ್ಲೆಜ್ ನದಿ ಸುಮಾರು 8,000 ವರ್ಷಗಳ ಹಿಂದೆಯೇ ಆ ಪಾತ್ರವನ್ನು ಬಿಟ್ಟು ಹೋಗಿತ್ತು ಎಂದು 2017ರಲ್ಲಿ ಪ್ರಕಟವಾದ ಮಣ್ಣಿನ ಪರೀಕ್ಷೆಗಳು ತೋರಿಸಿವೆ. ಅಂದರೆ ಹರಪ್ಪದವರು ಅಲ್ಲಿ ಊರು ಕಟ್ಟಿದಾಗ ಹಿಮ ಕರಗಿ ತುಂಬುವ ನದಿ ಆ ದಾರಿಯಲ್ಲಿರಲಿಲ್ಲ. ಮಳೆಗಾಲದಲ್ಲಷ್ಟೇ ಹರಿಯುವ, ಊರು ಕೊಚ್ಚದ, ಆದರೆ ಹಳೆಯ ಮೆಕ್ಕಲು ಉಳಿಸಿಕೊಂಡ ಸಾಧು ಪಾತ್ರವದು. ಧೋಲಾವೀರಾ ಇರುವುದಂತೂ ಕಛ್‌ನ ಎರಡು ಮಳೆಹಳ್ಳಗಳ ನಡುವೆ, ಕಲ್ಲಿನಲ್ಲಿ ತೋಡಿದ ಕೆರೆಗಳನ್ನು ನೆಚ್ಚಿಕೊಂಡು. ‘ನದಿ ಬಯಲಿನ ನಾಗರಿಕತೆ’ ಎಂಬ ಹಣೆಪಟ್ಟಿಯನ್ನು ಅಲ್ಲಿಗೆ ಅಂಟಿಸುವುದು ಸ್ವಲ್ಪ ಕಷ್ಟ.

ಈಗ ಹುಡುಗಿಯ ಪ್ರಶ್ನೆಗೆ. ರಾಯಚೂರಿನಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅದೂ ಬಿತ್ತನೆಯ ಕಾಲಕ್ಕೆ. ಕ್ರಿ.ಪೂ. ಮೂರನೇ ಸಹಸ್ರಮಾನದಲ್ಲಿ, ಹರಪ್ಪದ ಕಾಲದಲ್ಲೇ, ಇಲ್ಲೂ ಜನ ಊರು ಕಟ್ಟಿದ್ದರು. ಪಿಕ್ಲಿಹಾಳ, ಮಸ್ಕಿ ನಿಮ್ಮ ಜಿಲ್ಲೆಯವೇ. ಪಕ್ಕದಲ್ಲಿ ಬೂದಿಹಾಳ, ಬಳ್ಳಾರಿ ಕಡೆ ಸಂಗನಕಲ್ಲು, ಕುಪ್ಪಗಲ್ಲು, ಕುಡತಿನಿ. ಅವರು ದನಗಾಹಿಗಳು. ತಲೆಮಾರುಗಟ್ಟಲೆ ಸೆಗಣಿ ಗುಡ್ಡೆ ಹಾಕಿ ಸುಟ್ಟ ಬೂದಿದಿಬ್ಬಗಳು ಇಂದಿಗೂ ನಿಂತಿವೆ. ಹಂಪಿಯ ಬಳಿ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತಾಭಸ್ಮ ಎನ್ನುತ್ತಾರೆ. ಅವರ ಬೆಳೆ ಕೊರಲೆ, ಹುರುಳಿ, ಹೆಸರು. ಎಲ್ಲವೂ ಮಳೆಯಲ್ಲಿ, ಗುಡ್ಡದ ಬುಡದ ಹೊಲಗಳಲ್ಲಿ ಬರುವಂಥವು. ಅವರ ಊರುಗಳು ಹೆಚ್ಚಾಗಿ ಇರುವುದೂ ಕಲ್ಲುಗುಡ್ಡಗಳ ಮೇಲೆ ಮತ್ತು ಅಡಿಯಲ್ಲಿ, ಹೊಳೆಯ ದಡದಲ್ಲಿ ಕಡಿಮೆ. ಒಂದು ಕುಟುಂಬ ತನ್ನ ಪಾಡಿಗೆ ಬಿತ್ತಿ ಬೆಳೆಯಬಹುದು. ಮನಸ್ತಾಪ ಬಂದರೆ ದನ ಹೊಡೆದುಕೊಂಡು ಇನ್ನೊಂದು ಗುಡ್ಡದ ಬುಡಕ್ಕೆ ಹೋಗಬಹುದು, ಅಲ್ಲೂ ಇದೇ ಮಳೆ. ಯಾರನ್ನೂ ಕಟ್ಟಿಹಾಕುವ ಬೇಲಿ ಇಲ್ಲಿರಲಿಲ್ಲ.

ಹೊಳೆಯೂ ಬೇರೆ ತರಹದ್ದು. ಕೃಷ್ಣಾ, ತುಂಗಭದ್ರಾ ಹರಿಯುವುದು ಬಂಡೆ ಕೊರೆದ ಪಾತ್ರದಲ್ಲಿ, ಹೊಲಗಳಿಗಿಂತ ಕೆಳಗೆ. ಮೆಕ್ಕಲಿನ ಪಟ್ಟಿ ಕಿರಿದು. ಯೂಫ್ರೆಟಿಸ್‌ನಲ್ಲಿ ಜೊಂಡು, ಜೇಡಿಮಣ್ಣು, ಒಂದು ಗುದ್ದಲಿ ಇದ್ದರೆ ನೀರು ಇಳಿಯುತ್ತಿತ್ತು. ಇಲ್ಲಿ ನೀರನ್ನು ಹೊಲಕ್ಕೆ ಏರಿಸಬೇಕಾದರೆ ಬಂಡೆಯಿಂದ ಬಂಡೆಗೆ ಕಲ್ಲಿನ ಅಣೆ ಕಟ್ಟಿ, ಮೈಲುಗಟ್ಟಲೆ ಮಟ್ಟ ಹಿಡಿದು ಕಾಲುವೆ ತರಬೇಕು. ಅದಕ್ಕೆ ಕಬ್ಬಿಣದ ಉಳಿ, ಕಲ್ಲುಕೆಲಸದವರು, ಅವರಿಗೆ ವರ್ಷಗಟ್ಟಲೆ ಊಟ ಹಾಕುವ ಬೊಕ್ಕಸ ಮೊದಲೇ ಇರಬೇಕು. ಆದ್ದರಿಂದ ಇಲ್ಲಿ ಸರದಿ ತಿರುಗಿತು: ಮೊದಲು ಕಬ್ಬಿಣ, ವ್ಯಾಪಾರದ ದಾರಿ, ರಾಜ್ಯ, ನೀರಿಗೆ ಮೊದಲು ಹಳ್ಳಕ್ಕೆ ಅಡ್ಡ ಕಟ್ಟಿದ ಕೆರೆ, ದೊಡ್ಡ ಹೊಳೆಗೆ ಕೈ ಹಾಕಿದ್ದು ಅದಕ್ಕೂ ಎಷ್ಟೋ ಕಾಲದ ಮೇಲೆ. ಮಕ್ಕಳನ್ನು ಹಂಪಿಗೆ ಕರೆದೊಯ್ದರೆ ದೇವಸ್ಥಾನ ನೋಡಿದ ಮೇಲೆ ತುರ್ತ ಕಾಲುವೆಯ ಪಕ್ಕ ಸ್ವಲ್ಪ ಹೊತ್ತು ನಿಲ್ಲಿಸಿ. ವಿಜಯನಗರದವರು ತುಂಗಭದ್ರೆಗೆ ಅಣೆ ಹಾಕಿ ತಂದ ಆ ನೀರು ಇಂದಿಗೂ ಬಾಳೆ, ಭತ್ತದ ಗದ್ದೆಗಳಿಗೆ ಹಾಯುತ್ತಿದೆ. ಉರುಕ್‌ನ ರೈತ ದಿಣ್ಣೆ ಕಡಿದದ್ದಕ್ಕೂ ಇದಕ್ಕೂ ನಡುವೆ ನಾಲ್ಕು ಸಾವಿರ ವರ್ಷಕ್ಕೂ ಹೆಚ್ಚಿನ ಅಂತರವಿದೆ.